ಪಿಯಾನೊ ಅಂಟಿನ ವಾಸನೆ

ಗೇಟು ದಾಟುತ್ತಲೇ ನನ್ನ ಅತ್ತೆ ಮೂಗಿಗೆ ಸೆರಗು ಹಿಡಿದು ಕೆಳಮನೆಯ ಬಾಗಿಲು ಬಡಿದರು.

"ನಮ್ಮನೇಲಿ ಮಾಂಸ ಬೇಯಿಸೋ ಹಾಗಿಲ್ಲ ಅಂತ ಮೊದಲೇ ಹೇಳಿರ್ಲಿಲ್ವೇನಮ್ಮ?"

ಧಾರವಾಡದಿಂದ ಬಂದು ಜಯನಗರದ ನಮ್ಮ ಮನೆಗೆ ಬಾಡಿಗೆಗೆ ಸೇರಿದ್ದ ಹುಡುಗಿ ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಬಂದಳು. "ನಾವು ತತ್ತೀನೂ ಮುಟ್ಟಂಗಿಲ್ರೀ ಅಜ್ಜಿ. ವಾಸನಿ ನಿಮ್ಮ ಮನಿಯಿಂದನ ಬರಾಕತ್ತೈತ್ರಿ."

ಸೊಪ್ಪಿನ ಚೀಲ ಹಿಡಿದು ಹಿಂದೆ ನಿಂತಿದ್ದ ನಾನು ತಲೆಯೆತ್ತಿದೆ. ನಮ್ಮ ಹಾಲ್ ಕಿಟಕಿ ತೆರೆದಿತ್ತು. ಮಾವನವರ ಕಾಲದ ಪಿಯಾನೊ ರಿಪೇರಿಗೆ ಬಂದವರನ್ನು ಯಜಮಾನರ ವಶಕ್ಕೆ ಬಿಟ್ಟು ನಾವಿಬ್ಬರೂ ಫೋರ್ತ್ ಬ್ಲಾಕ್ ಮಾರ್ಕೆಟ್ಟಿಗೆ ಹೋಗಿದ್ದೆವು.

ಮೇಲೆ ಹೋದರೆ, ರಿಪೇರಿಯವರು ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿಯಿಟ್ಟು ಕಂದು ಬಣ್ಣದ ಅಂಟು ಕರಗಿಸುತ್ತಿದ್ದರು.

"ದನದ ಚರ್ಮ ಕುದಿಸಿ ಮಾಡಿದ್ದು ಮೇಡಂ. ನಿಮ್ಮ ಪಿಯಾನೊ ಇಷ್ಟು ವರ್ಷ ನಿಂತಿರೋದೇ ಇದ್ರಿಂದ."

ಪ್ರತಿ ನವರಾತ್ರಿಯಲ್ಲೂ ಅತ್ತೆ ಸರಸ್ವತಿಯನ್ನು ಕೂರಿಸುವುದು ಆ ಪಿಯಾನೊದ ಮೇಲೆಯೇ. ಅವರು ಒಮ್ಮೆ ಪಿಯಾನೊವನ್ನು, ಒಮ್ಮೆ ಡಬ್ಬಿಯನ್ನು ನೋಡಿದರು. ಈಗ ಪಿಯಾನೊವನ್ನೇ ಹೊರಗೆ ಹಾಕಿಸುತ್ತಾರೆ ಎಂದುಕೊಂಡೆ. ಅತ್ತೆ ಸೀದಾ ಹೋಗಿ ಕಿಟಕಿ ಮುಚ್ಚಿದರು.

"ಬೇಗ ಮುಗಿಸಿ. ಪಾಪ, ಕೆಳಗಿನೋರು ಸಸ್ಯಾಹಾರಿಗಳು, ಏನಂದ್ಕೊಂಡಾರು!"

ಈಗ ಪಿಯಾನೊ ಸೊಗಸಾಗಿ ನುಡಿಯುತ್ತಿದೆ. ಈ ಸಲದ ನವರಾತ್ರಿಗೂ ಸರಸ್ವತಿ ಅದರ ಮೇಲೆಯೇ ಕೂತಳು, ಅರಿಶಿನ ಕುಂಕುಮಕ್ಕೆ ಧಾರವಾಡದ ಹುಡುಗಿಯೂ ಬಂದಿದ್ದಳು. ಗೇಟಿನ 'ಸಸ್ಯಾಹಾರಿಗಳಿಗೆ ಮಾತ್ರ' ಬೋರ್ಡಿಗೆ ಅತ್ತೆ ಹೊಸ ಬಣ್ಣ ಹೊಡೆಸಿದ್ದಾರೆ.