ಜುಬೇದಮ್ಮ ಮೂಸಿದ ಸಾರಿನ ಪುಡಿ

ನನ್ನ ಮೇಜಿನ ಮೇಲೆ ನಾಲ್ಕು ದಿನದಿಂದ ಸಾರಿನ ಪುಡಿಯ ಪ್ಯಾಕೆಟ್ಟೊಂದು ಬಾಯಿ ತೆರೆದುಕೊಂಡು ಕೂತಿದೆ. ಅಡುಗೆಮನೆಯಲ್ಲಿರಬೇಕಾದ್ದು ಪುಸ್ತಕಗಳ ನಡುವೆ ಯಾಕಿದೆ ಎಂದು ನನ್ನ ಹೆಂಡತಿ ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಅವಳಿಗೆ ಮದುವೆಯಾದ ವಾರದಲ್ಲೇ ತಿಳಿದಿತ್ತು. ಈ ಸಲ ಅದು ಇಳಿಯುತ್ತಿಲ್ಲ ಅನ್ನುವುದೂ ತಿಳಿದಿರಬೇಕು.

ಪ್ಯಾಕೆಟ್ಟು ನಮ್ಮದೇ. ಅಂದರೆ ನಮ್ಮಣ್ಣನ ಕಂಪನಿಯದು. ಮದ್ದೂರಿನ ನಮ್ಮ ಹಿತ್ತಿಲಲ್ಲಿ ಅವ್ವ ಒಂದು ಬಾಣಲೆ ಇಟ್ಟುಕೊಂಡು ಶುರುಮಾಡಿದ್ದು ಈಗ ಮಳವಳ್ಳಿ ರಸ್ತೆಯಲ್ಲಿ ಶೆಡ್ಡು, ಲಾರಿ, ಗೇಟಿಗೊಬ್ಬ ಸೆಕ್ಯೂರಿಟಿ ಎಲ್ಲ ಆಗಿ ನಿಂತಿದೆ. ಇದು ಅವರ ಹೊಸ ಡಿಸೈನು. ಮುಂದುಗಡೆ ಹೂ ಮುಡಿದ ಅಜ್ಜಿಯೊಬ್ಬರು ಬಾಣಲೆ ಹಿಡಿದು ನಗುತ್ತಿದ್ದಾರೆ. ಅವರು ಯಾರೋ ನನಗೆ ಗೊತ್ತಿಲ್ಲ, ನಮ್ಮವ್ವ ಅಂತೂ ಅಲ್ಲ. ಮೆಣಸಿನಕಾಯಿ ಹುರಿಯುವಾಗ ನಮ್ಮವ್ವ ನಕ್ಕಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಆ ಘಾಟಿನಲ್ಲಿ ಯಾರಾದರೂ ನಗುತ್ತಾರೆಯೇ, ನೀವೇ ಹೇಳಿ.

ಪ್ಯಾಕೆಟ್ಟು ಕೈಸೇರಿದ ಹೊತ್ತಿಗೆ ಅಣ್ಣನ ಫೋನೂ ಬಂತು. "ಇಂದ್ಗಡೆ ಕಾಲಿ ಬುಟ್ಟಿವ್ನಿ ಕಣ್ಲಾ. ನಮ್ಮನೆ ಕತೆ ನಾಕ್ ಲೈನು ಬರ್ಕೊಡು. ನೀನು ಮೇಷ್ಟ್ರಲ್ವಾ?"

ನಾನು ಭಾರತೀನಗರದಲ್ಲಿ ಕಾಲೇಜು ಹುಡುಗರಿಗೆ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಕಬ್ಬಿನ ಗಾಡಿ ಅಡ್ಡ ನಿಂತು ಬಸ್ಸು ತಡವಾಯಿತು ಎಂಬ ಒಂದೇ ಕಾರಣವನ್ನು ಮೂರು ತಲೆಮಾರಿನ ಹುಡುಗರಿಂದ ಕೇಳಿ ನಂಬಿದವನು. ಅಣ್ಣನ ಕಂಪನಿಗೆ ನನ್ನಿಂದ ಆಗಿರುವ ಉಪಯೋಗವೆಂದರೆ ಪ್ಯಾಕೆಟ್ಟಿನ ಬೆನ್ನಿಗೆ ಬರೆದುಕೊಟ್ಟ ಮಾತುಗಳು ಮಾತ್ರ. ಆ ಮಾತುಗಳ ವಿಷಯಕ್ಕೇ ಬರುತ್ತೇನೆ, ಸ್ವಲ್ಪ ತಾಳಿ.

ಬರೆಯುವ ಮೊದಲು ವಾಸನೆ ನೋಡೋಣವೆಂದು ಕತ್ತರಿಯಲ್ಲಿ ತುದಿ ಕತ್ತರಿಸಿ ಮೂಗು ಬಗ್ಗಿಸಿದೆ. ಏನೋ ಸರಿಯಿರಲಿಲ್ಲ. ಏನೆಂದು ಹೇಳಲು ಬರಲಿಲ್ಲ. ಸೀಮೆಸುಣ್ಣದ ಧೂಳಿನಲ್ಲೇ ಮುಪ್ಪಾದ ಮೂಗು ನನ್ನದು. ಹೇಳಬಲ್ಲ ಮೂಗೊಂದು ಮದ್ದೂರಿನಲ್ಲಿದೆ ಎಂಬುದು ಆಗ ನೆನಪಾಯಿತು. ಅದರ ಹಿಂದೆಯೇ ಈ ಸಿಟ್ಟೂ ಬಂತು.

ಮದ್ದೂರು ಎಂದರೆ ನಿಮಗೆ ವಡೆ ನೆನಪಾಗುತ್ತದೆ. ತಪ್ಪಿಲ್ಲ, ರೈಲು ನಿಂತಾಗ ನನಗೂ ಅದೇ ನೆನಪಾಗುವುದು. ಆದರೆ ನಮ್ಮ ಬೀದಿಯವರಿಗೆ ಮದ್ದೂರೆಂದರೆ ವಾರಕ್ಕೆರಡು ದಿನ ಇಡೀ ಬೀದಿಯೇ ಸೀನುವುದು. ಅವ್ವ ಹುರಿಯಲು ಕೂತ ದಿನ ಹಾದುಹೋಗುವ ಸೈಕಲ್ಲಿನವರು ಕೂಡ ಟವೆಲ್ಲು ಮೂಗಿಗೆ ಹಿಡಿಯುತ್ತಿದ್ದರು. ಧನಿಯ, ಮೆಣಸು, ಜೀರಿಗೆ, ಕೊನೆಗೆ ಮೆಂತ್ಯ. ಮೆಂತ್ಯ ಹಾಕುವಾಗ ಯಾರೂ ಮಾತಾಡಬಾರದು, ಬಾಗಿಲ ಬಳಿ ನಿಲ್ಲಲೂಬಾರದು. ಅಷ್ಟು ಜೋಪಾನ ಮಾಡಿಯೂ ಒಂದು ಸಲ ಮೆಂತ್ಯ ಸೀದಿತು. ಅವ್ವನಿಗೆ ಗೊತ್ತೇ ಆಗಲಿಲ್ಲ. ಬಸ್ ಸ್ಟಾಂಡಿನ ಹೋಟೆಲಿನವನು ಅಷ್ಟೂ ಪುಡಿಯನ್ನು ವಾಪಸು ತಂದು ಜಗಲಿಯ ಮೇಲಿಟ್ಟು, ಸಾರು ಕಹಿಯೆಂದು ಗಿರಾಕಿಗಳೆಲ್ಲ ಬೈದರು ಎಂದು ನಮಗೆ ಬೈದುಹೋದ.

ಗೋಡೆಯಾಚೆ ಜುಬೇದಮ್ಮನ ಮನೆ. ಅವರ ಯಜಮಾನರು ಮೋಟಾರು ವೈಂಡಿಂಗ್ ಮಾಡುತ್ತಿದ್ದರು. ನಮ್ಮ ಪುಡಿ ಮಾಡುವ ಮಿಷನ್ನು ಕೆಟ್ಟಾಗಲೆಲ್ಲ ನಾವು ಅವರಿಗೇ ಕೂಗು ಹಾಕುತ್ತಿದ್ದದ್ದು. ಹೋಟೆಲಿನವನು ಹೋದಮೇಲೆ ಜುಬೇದಮ್ಮ ಗೋಡೆಯ ಮೇಲಿಂದ ತಲೆ ಇಣುಕಿಸಿ, "ಮೆಂತ್ಯ ಸೀದೋಗದೆ ಅಂತ ನಂಗೆ ನೆನ್ನೇನೆ ವಾಸ್ನೆ ಬಂತು ಕಣಕ್ಕ. ಏನಂದ್ಕೊತೀಯೋ ಅಂತ ಸುಮ್ಗಾದೆ" ಎಂದರು.

ಅವ್ವ ಸೆರಗಲ್ಲಿ ಮುಖ ಒರೆಸಿಕೊಂಡು, "ಒಲೆ ಮುಂದೆ ಕುಂತೋಳ ಮೂಗು ಸತ್ತೋಗಿರ್ತದೆ ಕಣೆ ಜುಬೇದಾ. ಇನ್ಮೇಲೆ ನೀನು ಮೂಸಿ ಏಳು. ನೀನು ಏಳೋಗಂಟ ನಾನು ಕವರು ಮುಚ್ಚಕಿಲ್ಲ" ಎಂದಳು.

ನಮ್ಮ ಕಂಪನಿ ಹುಟ್ಟಿದ್ದು ಆ ಹೊತ್ತಿನಲ್ಲಿ ಎಂಬುದು ನನ್ನ ಲೆಕ್ಕ. ಅಣ್ಣನದು ಬೇರೆ. ಲೈಸೆನ್ಸು ಬಂದ ದಿನಕ್ಕೆ ಅವನು ವರ್ಷ ವರ್ಷವೂ ಪೂಜೆ ಮಾಡಿಸುತ್ತಾನೆ.

ಅಂದಿನಿಂದ ಅದೊಂದು ಕಟ್ಟಳೆಯೇ ಆಗಿಹೋಯಿತು. ಪುಡಿ ಆರಿದಮೇಲೆ ಅವ್ವ ಕಂಚಿನ ಬಟ್ಟಲಿನಲ್ಲಿ ಒಂದು ಹಿಡಿ ತೆಗೆದುಕೊಂಡು ಜಗಲಿಗೆ ಬರುತ್ತಿದ್ದಳು. ಜುಬೇದಮ್ಮ ಅಷ್ಟರಲ್ಲಿ ಮುಖ ತೊಳೆದುಕೊಂಡು ಬಂದಿರುತ್ತಿದ್ದರು. ಬೀದಿಯ ಗಾಳಿಯಲ್ಲೇ ನಿಂತು, ಕಣ್ಣು ಮುಚ್ಚಿ ಮೂಸಿ, ಆಮೇಲೆ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದರು. ರಂಜಾನ್ ತಿಂಗಳಲ್ಲಿ ನಾಲಿಗೆಗೆ ರಜ, ಮೂಗಿಗೆ ಮಾತ್ರ ಕೆಲಸ. ಎಲ್ಲ ಮುಗಿದಮೇಲೆ ಒಂದೇ ಮಾತು: "ಮುಚ್ಚಕ್ಕ." ಆಗ ಬಿ.ಎ. ಓದುತ್ತಿದ್ದ ನಾನು ಮೇಣದ ಬತ್ತಿ ಹಚ್ಚಿ, ಕವರಿನ ಅಂಚನ್ನು ಗರಗಸದ ಬ್ಲೇಡಿಗೆ ಮಡಿಸಿ, ಉರಿಗೆ ಹಿಡಿದು ಅಂಟಿಸುತ್ತಿದ್ದೆ. ಅರ್ಧಕ್ಕರ್ಧ ಕವರುಗಳು ಸುಟ್ಟು ತೂತಾಗುತ್ತಿದ್ದವು. ಇವನಿಗೆ ಮೇಷ್ಟರ ಕೆಲಸವೇ ಸರಿ ಎಂದು ಅಣ್ಣ ಆಗಲೇ ತೀರ್ಮಾನಿಸಿದ್ದ.

ಕೆಲವು ಸಲ ಜುಬೇದಮ್ಮ "ಬ್ಯಾಡ" ಎಂದದ್ದೂ ಉಂಟು. ಆಗ ಅಷ್ಟೂ ಪುಡಿ ಹಿತ್ತಿಲ ಗುಂಡಿಗೆ. ಅಣ್ಣ ಕೂಗಾಡುತ್ತಿದ್ದ, ಅವ್ವ ಮತ್ತೆ ಬಾಣಲೆ ತೊಳೆಯಲು ಕೂರುತ್ತಿದ್ದಳು.

ವ್ಯಾಪಾರ ಬೆಳೆಯಿತು. ಮಂಡ್ಯದ ಅಂಗಡಿಗಳಿಗೆ ಹೋಯಿತು, ಮೈಸೂರಿಗೆ ಹೋಯಿತು. ಶೆಡ್ಡು ಎದ್ದಿತು, ಹುರಿಯುವ ಮಿಷನ್ನು ಬಂತು. ಅಣ್ಣ ದುಡಿಯಲಿಲ್ಲ ಎಂದು ನಾನು ಹೇಳುವುದಿಲ್ಲ. ಮೊಪೆಡ್ಡಿಗೆ ಎರಡು ಕಡೆ ಚೀಲ ಕಟ್ಟಿಕೊಂಡು ಅಂಗಡಿ ಅಂಗಡಿ ಸುತ್ತಿದ ಅವನ ಬೆನ್ನು ಇವತ್ತಿಗೂ ನೆಟ್ಟಗಾಗಿಲ್ಲ. ಶೆಡ್ಡು ಆದಮೇಲೂ ಅವ್ವ ಇರುವ ತನಕ ಹುರಿದ ದಿನವೆಲ್ಲ ಮದ್ದೂರಿಗೆ ಕಾರು ಹೋಗುತ್ತಿತ್ತು. ಜುಬೇದಮ್ಮ ಬಂದು, ಗೇಟಿನ ಹೊರಗೆ ಗಾಳಿಯಲ್ಲಿ ನಿಂತು ಮೂಸಿ, ಮುಚ್ಚಿ ಎಂದು ಹೇಳಿ ಹೋಗುತ್ತಿದ್ದರು.

ಅವ್ವ ತೀರಿಕೊಂಡ ಮಾರನೆಯ ವರ್ಷ ಕಾರು ಹೋಗುವುದು ನಿಂತಿತು. ಹೊಸದಾಗಿ ಬಂದ ಡೀಲರೊಬ್ಬ ಗೇಟಿನಲ್ಲಿ ಅವರನ್ನು ನೋಡಿ, ಇವರು ಯಾರು, ಇವರ ಕೈ ಯಾಕೆ ಪುಡಿಯಲ್ಲಿದೆ ಎಂದು ಕೇಳಿದನಂತೆ. ಅಣ್ಣ ನನ್ನೆದುರು ಕೂತು ಕಾಫಿ ಲೋಟ ತಿರುಗಿಸುತ್ತ, "ಜನ ಒಂದೊಂದ್ ತರ ಮಾತಾಡ್ತರೆ ಕಣ್ಲಾ. ಈಗಿನ್ ಕಾಲ ಅಂಗೈತೆ. ಮಿಸಿನ್ ಬಂದೈತಲ್ಲ, ಮೂಸೋದೇನೈತೆ ಬುಡು" ಎಂದ. ಕಾಲವನ್ನು ಯಾರೋ ಲಾರಿಯಲ್ಲಿ ತಂದು ನಮ್ಮ ಶೆಡ್ಡಿನ ಮುಂದೆ ಸುರಿದು ಹೋದ ಹಾಗೆ ಹೇಳಿದ!

ಆಗ ನಾನು ಏನು ಮಾಡಿದೆ? ಏನೂ ಮಾಡಲಿಲ್ಲ ಎಂದಿದ್ದರೂ ಅಷ್ಟರಮಟ್ಟಿಗೆ ಮರ್ಯಾದೆ ಉಳಿಯುತ್ತಿತ್ತು. ಪ್ಯಾಕೆಟ್ಟಿಗೆ ಒಂದು ಸಾಲು ಬೇಕು ಎಂದ. ಬರೆದುಕೊಟ್ಟೆ: "ಮನೆಯವರದಲ್ಲದೆ ಮತ್ತೊಬ್ಬರ ಕೈ ಸೋಕದ ಮನೆರುಚಿ." ಈ ಸಾಲು ಯಾತಕ್ಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಮಕಾರಗಳು ಎಷ್ಟು ಚೆನ್ನಾಗಿ ಕೂತಿವೆ ಎಂದು ಹೆಂಡತಿಗೆ ಎರಡು ಸಲ ಓದಿ ತೋರಿಸಿದೆ. ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅಣ್ಣ ವ್ಯಾಪಾರಸ್ಥ, ಹೆದರಿದ. ನನಗೆ ಯಾವ ಡೀಲರನ ಭಯವಿತ್ತು? ಆ ಸಾಲು ವರ್ಷಗಟ್ಟಲೆ ಊರೂರಿನ ಅಡುಗೆಮನೆಗಳಲ್ಲಿ ಕೂತಿದೆ. ಜುಬೇದಮ್ಮನ ಬೀದಿಯ ಅಂಗಡಿಯಲ್ಲೂ ಕೂತಿದೆ.

ನಿನ್ನೆ ಪ್ಯಾಕೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಮದ್ದೂರಿನ ಬಸ್ಸು ಹತ್ತಿದೆ. ಯಾಕೆ ಹೋದೆನೋ ನನಗೇ ಸರಿಯಾಗಿ ತಿಳಿಯದು. ಸಿಟ್ಟನ್ನು ಹೊತ್ತುಕೊಂಡು ಮನೆಯಲ್ಲಿ ಕೂರಲು ಆಗಲಿಲ್ಲ, ಅಷ್ಟೆ.

ಜುಬೇದಮ್ಮ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಕಣ್ಣು ಮಂಜಾಗಿದೆ. ದನಿಯಲ್ಲೇ ಗುರುತು ಹಿಡಿದು, "ಬಾ ಮಗ, ಕುಂತ್ಕೊ. ಸೊಸೆ ಟೀ ಕಾಸ್ತಳೆ" ಎಂದರು. ಕ್ಷೇಮ ಸಮಾಚಾರ ಆಯಿತು. ಕಾರು ನಿಂತದ್ದರ ಬಗ್ಗೆ, ಆ ಸಾಲಿನ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಟೀ ಮುಗಿದಮೇಲೆ ಧೈರ್ಯ ಮಾಡಿ ಪ್ಯಾಕೆಟ್ಟು ತೆಗೆದು, "ಅಮ್ಮಾ, ಇದನ್ನೊಂದ್ಸಲ ಮೂಸಿ ನೋಡಿ" ಎಂದೆ.

ಅವರು ಕೈ ಚಾಚಲಿಲ್ಲ. ಸೊಪ್ಪಿನ ದಂಟು ಮುರಿಯುತ್ತಲೇ, "ಮುಚ್ಚಿದ್ ಮೇಲೆ ಯಾಕ್ ತಂದೆ ಮಗ? ಮುಚ್ಚಕ್ ಮುಂಚೆ ತರ್ಬೇಕಾಗಿತ್ತು. ನಿಮ್ಮವ್ವ ಅಂಗೇ ತರ್ತಿದ್ಲು" ಎಂದರು.

ಪ್ಯಾಕೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಬೀದಿಗೆ ಇಳಿದಿದ್ದೆ, ಹಿಂದಿನಿಂದ ಕೂಗಿದರು. "ಮೆಂತ್ಯ ಸೀದೋಗದೆ ಕಣಪ್ಪ. ನೀನು ಆ ತಿರುವ್ನಲ್ಲಿದ್ದಂಗೇ ವಾಸ್ನೆ ಬಂತು. ನಿಮ್ಮಣ್ಣಂಗೆ ಏಳು. ಜನ ಉಣ್ಣೋ ಸಾರು ಅದು."

ಬಸ್ಸಿನಲ್ಲಿ ಕೂತು ಅಣ್ಣನಿಗೆ ಫೋನು ಮಾಡಿದೆ. ಮೆಂತ್ಯ ಸೀದಿದೆಯಂತೆ ಎಂದೆ. "ಯಾರೇಳಿದ್ದು?" ಎಂದ. ಹೆಸರು ಹೇಳಿದೆ, ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ. ಅಣ್ಣ ಮೆಲ್ಲಗೆ ಕೇಳಿದ: "ಯಾವ್ ಬ್ಯಾಚು ಅದು? ಪ್ಯಾಕೆಟ್ ಮೇಲೆ ನಂಬರೈತೆ ನೋಡ್ಲಾ. ಮಾಲು ಒರಡಕ್ ಮುಂಚೆ ನಿಲ್ಲುಸ್ಬೇಕು."

ಅವನಿಗೆ ಒಂದು ಗಳಿಗೆಯೂ ಅನುಮಾನ ಬರಲಿಲ್ಲ. ಮಿಷನ್ನನ್ನು ಕೇಳಿ ಹೇಳುತ್ತೇನೆ ಎನ್ನಲಿಲ್ಲ. ಆ ಮೂಗು ಬೇಕು, ಮೂಗಿನವರು ಬೇಡ! ನನಗೆ ಜೀವಮಾನದಲ್ಲಿ ಅಷ್ಟು ಸಿಟ್ಟು ಬಂದಿರಲಿಲ್ಲ. ನಂಬರು ಹೇಳದೆ ಫೋನು ಇಟ್ಟೆ. ಆಮೇಲೆ, ಜನ ಉಣ್ಣುವ ಸಾರು ಎಂದ ಅವರ ಮಾತು ನೆನಪಾಗಿ, ಮತ್ತೆ ಫೋನು ಮಾಡಿ ನಂಬರು ಹೇಳಿದೆ.

ಇವತ್ತು ಬೆಳಿಗ್ಗೆ ನಾಲ್ಕು ಸಾಲು ಬರೆದು ಅಣ್ಣನಿಗೆ ಕಳಿಸಿದೆ. ಪ್ರಾಸವಿಲ್ಲ, ಚೆಂದವೂ ಇಲ್ಲ. ನಮ್ಮವ್ವ ಹುರಿಯುತ್ತಿದ್ದಳು, ಪಕ್ಕದ ಮನೆಯ ಜುಬೇದಮ್ಮ ಮೂಸಿ ಮುಚ್ಚಿ ಎಂದಮೇಲೆ ಈ ಪುಡಿ ಹೊರಗೆ ಹೋಗುತ್ತಿತ್ತು ಎಂದಷ್ಟೇ ಇದೆ. ಅಚ್ಚು ಹಾಕಿಸುತ್ತಾನೋ ಇಲ್ಲವೋ ಗೊತ್ತಿಲ್ಲ. ಹಾಕಿಸದಿದ್ದರೆ ಬೆನ್ನು ಖಾಲಿ ಬಿಡಲಿ, ನನ್ನ ಹಳೆಯ ಸಾಲು ಮಾತ್ರ ಇನ್ನೊಂದು ಪ್ಯಾಕೆಟ್ಟಿನ ಮೇಲೂ ಬರಕೂಡದು ಎಂದು ಕೆಳಗೆ ಬರೆದಿದ್ದೇನೆ.

ಅಣ್ಣನಿಗೆ ಕಳಿಸುವ ಮೊದಲು ಜುಬೇದಮ್ಮನ ಸೊಸೆಗೆ ಫೋನು ಮಾಡಿ, ಆ ನಾಲ್ಕು ಸಾಲನ್ನು ವಾಟ್ಸಾಪಿಗೆ ಹಾಕಿ, ಅತ್ತೆಗೆ ಓದಿ ಹೇಳಲು ಕೇಳಿಕೊಂಡೆ. ಸ್ವಲ್ಪ ಹೊತ್ತಾದಮೇಲೆ ಫೋನಿನಲ್ಲಿ ಅವರ ದನಿಯೇ ಬಂತು.

"ಮುಚ್ಚು ಮಗ" ಎಂದರು.