ಔಷಧ ಇಲ್ಲ ಎಂದವಳು ನಾನು

ಶಾಂತವ್ವಾ, ನಿನ್ನ ಬಾಯಿವಾಸನೆಗೆ ಔಷಧ ಇತ್ತು. ಇಲ್ಲ ಎಂದು ಡಾಕ್ಟರು ಹೇಳಲಿಲ್ಲ. ನಾನು ಹೇಳಿದೆ.

ಹನ್ನೊಂದು ವರ್ಷವಾಯಿತು. ಇಷ್ಟು ಬರೆಯುವುದಕ್ಕೇ ಒಂದು ಮುಂಜಾನೆ ಹಿಡಿಯಿತು. ನಾನು ಕಲಿತದ್ದು ಮೂರನೇ ಇಯತ್ತೆ, ಒತ್ತಕ್ಷರ ಈಗಲೂ ತಪ್ಪುತ್ತೇನೆ. ಮೊಮ್ಮಗಳು ಚೈತ್ರಾಳ ಕೈಯಿಂದ ಬರೆಸಬಹುದಿತ್ತು. ಆದರೆ ಅವಳ ತಾಯಿಗೆ ಮಾಡಿದ್ದನ್ನು ಅವಳ ಕೈಯಿಂದಲೇ ಬರೆಸುವುದು — ಬೇಡ. ಅತ್ತೆ ನಾನು, ಮಾಡಿದವಳು ನಾನು, ಬರೆಯುವುದೂ ನಾನೇ.

ನೀನು ಕುಪ್ಪೇಲೂರಿನಿಂದ ಬ್ಯಾಡಗಿಯ ನಮ್ಮ ಮನೆಗೆ ಬಂದಾಗ ವಾಸನೆ ಇರಲಿಲ್ಲ. ಬಾಯಿ ಮಾತ್ರ ಜೋರಿತ್ತು. ಹತ್ತನೇ ಇಯತ್ತೆ ಪಾಸಾದವಳು. ಸಂಜೆ ಕಟ್ಟೆಯ ಮೇಲೆ ಕೂತು ಪೇಪರ್ ಗಟ್ಟಿಯಾಗಿ ಓದುತ್ತಿದ್ದೆ, ಓಣಿಯ ಹೆಂಗಸರು ಕೂಡುತ್ತಿದ್ದರು. ನಾನು ಒಂದು ಮಾತು ಅಂದರೆ ನಿನ್ನದು ಎರಡು ಬರುತ್ತಿತ್ತು. ತಪ್ಪು ಮಾತಲ್ಲ, ಸರಿಯಾದ ಮಾತೇ. ಅದಕ್ಕೇ ನನಗೆ ಸಿಟ್ಟು.

ಚೈತ್ರಾ ಹೊಟ್ಟೆಯಲ್ಲಿದ್ದಾಗ ನಿನ್ನ ಒಸಡಿನಲ್ಲಿ ರಕ್ತ ಬರತೊಡಗಿತು. ನಮ್ಮವ್ವ ನನಗೆ ಮಾಡಿದ್ದನ್ನೇ ನಿನಗೆ ಮಾಡಿದೆ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಸುಟ್ಟು, ಪುಡಿ ಮಾಡಿ, ದಿನಾ ಬೆಳಗ್ಗೆ ತಿಕ್ಕಿಕೋ ಎಂದು ಕೊಟ್ಟೆ. ಉರಿಯುತ್ತದೆ ಅಂದೆ ನೀನು. ಉರಿದರೆ ಒಸಡು ಗಟ್ಟಿಯಾಗುತ್ತದೆ ಅಂದೆ ನಾನು. ಅದು ನನಗೆ ಗೊತ್ತಿಲ್ಲದೆ ಮಾಡಿದ್ದು. ಆಮೇಲಿನದು ಗೊತ್ತಿದ್ದು ಮಾಡಿದ್ದು.

ಕೂಸಿಗೆ ವರ್ಷ ತುಂಬುವ ಹೊತ್ತಿಗೆ ವಾಸನೆ ಮನೆಯವರಿಗೆಲ್ಲ ತಿಳಿಯುವಷ್ಟಾಯಿತು. ನನ್ನ ಮಗ ಮಲ್ಲೇಶ ಹಾಸಿಗೆ ಎತ್ತಿಕೊಂಡು ಕಟ್ಟೆಗೆ ಬಂದ. ನೀನು ಮಾತು ಕಡಿಮೆ ಮಾಡಿದೆ. ಪೇಪರ್ ಓದುವುದನ್ನು ಬಿಟ್ಟೆ. ನನ್ನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ತಪ್ಪದೆ ಬರತೊಡಗಿದೆ. ಅಲ್ಲಿ ಘಾಟಿಗೆ ಎಲ್ಲರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೂರುತ್ತಾರೆ, ನಿನ್ನನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಕೇಳುವುದಿಲ್ಲ ಅಂದುಕೊಂಡಿದ್ದೆ ನೀನು. ಬುತ್ತಿ ಬಿಚ್ಚುವಾಗ ನಮ್ಮ ಸಾಲಿನ ಗಿರಿಜವ್ವ ಅಂದಳು:

“ಶಾಂತವ್ವಾ, ನೀ ಅರಿವಿ ಬಿಚ್ಚಬ್ಯಾಡ ತಂಗಿ. ಮೆಣಸಿನಕಾಯಿ ಘಾಟೇ ಸಾಕಾಗೇತಿ ನಮಗ.”

ಎಲ್ಲರೂ ನಕ್ಕರು. ಮೊದಲು ನಕ್ಕವಳು ನಾನು. ಅವತ್ತಿನಿಂದ ನೀನು ಚೀಲಗಳ ಆಚೆ ಒಬ್ಬಳೇ ಕೂತು ಉಣ್ಣುತ್ತಿದ್ದೆ.

ಮಲ್ಲೇಶನೇ ಹೇಳಿದ: “ಅವ್ವಾ, ಅಕೀನ ಯಾರಿಗರ ತೋರಸು. ಹಿಂಗ ಎಷ್ಟ ದಿನ?” ನಾವಿಬ್ಬರೂ ರಾಣೆಬೆನ್ನೂರಿಗೆ ಹೋದೆವು. ಹಲ್ಲಿನ ಡಾಕ್ಟರು ನಿನ್ನನ್ನು ಕುರ್ಚಿಯ ಮೇಲೆ ಮಲಗಿಸಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡರು. ಅವರು ಎಲ್ಲರಿಗೂ ಹಾಕಿಕೊಳ್ಳುತ್ತಾರೆ. ನಿನಗೆ ಅದು ಗೊತ್ತಿರಲಿಲ್ಲ. ನಿನ್ನ ಕಣ್ಣು ನಾನು ನೋಡಿದೆ — ಹೇಳಬಹುದಿತ್ತು, ಹೇಳಲಿಲ್ಲ. ನೋಡುವುದು ಮುಗಿದ ಕೂಡಲೇ ನೀನು ತಲೆ ಮೇಲೆ ಸೆರಗು ಎಳೆದುಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತೆ.

ಒಳಗೆ ಡಾಕ್ಟರು ನನಗೆ ಎಲ್ಲ ಬಿಡಿಸಿ ಹೇಳಿದರು.

“ನೋಡ್ರಿ ಯವ್ವಾ, ಮಂದಿ ಹೊಟ್ಟಿ ಹೊಟ್ಟಿ ಅಂತಾರ. ಬಹಳ ಮಂದಿಗೆ ಇದು ಬಾಯಾಗಿಂದನ ಬರತೈತಿ. ಹಲ್ಲಿನ ಬುಡಕ್ಕ ಹೊಲಸು ಕಲ್ಲಾಗಿ ಕುಂತೈತಿ, ಒಸಡಿನಾಗ ಕೀವು ಐತಿ. ನಾಕೈದು ಸಲ ಕರಕೊಂಡ ಬರ್ರಿ, ಸ್ವಚ್ಛ ಮಾಡತೇನಿ. ಆ ಸುಟ್ಟ ಪುಡಿ ಬಂದ್ ಮಾಡಸ್ರಿ. ನಾಲಿಗಿ ದಿನಾ ತಿಕ್ಕಲಿ. ನೀರು ಬೇಕಾದಷ್ಟು ಕುಡೀಲಿ, ಬಾಯಿ ಒಣಗಿದ್ರ ವಾಸನಿ ಹೆಚ್ಚಾಕ್ಕೈತಿ. ಇಷ್ಟಾದ್ರೂ ಹೋಗಲಿಲ್ಲಂದ್ರ ಮೂಗು, ಗಂಟಲು, ಶುಗರ್ ನೋಡಸೂಣು.”

ಚೀಟಿ ಬರೆದುಕೊಟ್ಟರು. ಅದನ್ನು ಎಲೆಅಡಿಕೆಯ ಸಂಚಿಗೆ ಹಾಕಿಕೊಂಡು ಹೊರಗೆ ಬಂದೆ.

“ಡಾಕ್ಟರ್ ಏನಂದ್ರರೀ ಅತ್ತಿ?”

ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದೆ ನೀನು, ನೆಲ ನೋಡುತ್ತಾ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಬಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ: ಇದು ವಾಸಿಯಾದರೆ ಇವಳು ಮತ್ತೆ ಮಾತಾಡುತ್ತಾಳೆ. ಒಂದು ವರ್ಷದಿಂದ ಮನೆ ತಣ್ಣಗಿತ್ತು. ನಾನು ಹೇಳಿದ್ದು ನಡೆಯುತ್ತಿತ್ತು. ಅದು ನನಗೆ ರುಚಿಸಿತ್ತು.

“ರಕ್ತದಾಗ ಐತಂತ,” ಅಂದೆ. “ಇದಕ್ಕ ಔಷಧ ಇಲ್ಲಂತ. ನಡಿ, ಬಸ್ಸಿಗೆ ಹೊತ್ತಾತು.”

ನೀನು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ, ಬ್ಯಾಡಗಿ ಬರುವ ತನಕ.

ಮಲ್ಲೇಶನಿಗೂ ಅದನ್ನೇ ಹೇಳಿದೆ. ಅಲ್ಲಿಗೂ ನಾನು ನಿಲ್ಲಲಿಲ್ಲ. ದೇವರಗುಡ್ಡದ ಮೈಲಾರನಿಗೆ ಹರಕೆ ಹೊತ್ತು, ನಿನ್ನ ಕೈಯಲ್ಲಿ ರವಿವಾರದ ಉಪವಾಸ ಹಿಡಿಸಿದೆ. ನೀರೂ ಕುಡಿಯಬೇಡ ಎಂದೆ. ಬಾಯಿ ಒಣಗಿದರೆ ಹೆಚ್ಚಾಗುತ್ತದೆ ಎಂದು ಕೇಳಿಸಿಕೊಂಡು ಬಂದವಳು ನಾನು. ಹೆಚ್ಚಾಯಿತು. “ನಿನಗ ಭಕ್ತಿ ಕಡಿಮಿ” ಅಂದೆ. ಸುಟ್ಟ ಪುಡಿಯ ಡಬ್ಬಿ ಖಾಲಿಯಾದಾಗಲೆಲ್ಲ ತುಂಬಿ ಇಟ್ಟೆ. ಮನಸ್ಸು ಅಂಜಲಿಲ್ಲವೇ ಎಂದು ನೀನು ಕೇಳಬಹುದು. ಇಲ್ಲ. ರೂಢಿಯಾಗಿಬಿಟ್ಟಿತ್ತು.

ನೀನು ಕೂಸಿನ ಮುಖಕ್ಕೆ ಮುತ್ತು ಕೊಟ್ಟದ್ದನ್ನು ನಾನು ನೋಡಿಲ್ಲ. ಅಂಗಾಲಿಗೆ ಕೊಡುತ್ತಿದ್ದೆ. ಚೈತ್ರಾ ದೊಡ್ಡವಳಾಗಿ ಕಾಲು ಎಳೆದುಕೊಳ್ಳತೊಡಗಿದ ಮೇಲೆ ಅದೂ ನಿಂತಿತು.

ಓಣಿಯ ಅಂಗನವಾಡಿಗೆ ಟೀಚರ್ ಬೇಕಾದಾಗ ಮನೆಗೇ ಬಂದು ಕೇಳಿದರು. ಓದಿದ ಸೊಸೆ ಅಂದರೆ ಈ ಓಣಿಯಲ್ಲಿ ನೀನೊಬ್ಬಳೇ. ಅರ್ಜಿ ಹಾಕು ಎಂದು ಮಲ್ಲೇಶನೂ ಅಂದ. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಬ್ಯಾಡ್ರಿ. ಸಣ್ಣ ಹುಡುಗ್ರು ಮೂಗು ಮುಚ್ಚಿಕೊಂತಾವ” ಅಂದೆ. ಆಗ ಚೀಟಿ ನನ್ನ ಸೊಂಟದ ಸಂಚಿಯಲ್ಲೇ ಇತ್ತು. ಎದ್ದು ಕೊಡಬೇಕಾಗಿತ್ತು. ನಾನು ಅಡಿಕೆ ಕತ್ತರಿಸುತ್ತಾ ಕೂತೆ —

ಹೋದ ವರ್ಷ ನನಗೇ ಬಂತು. “ಆಯೀ, ನಿನ್ನ ಬಾಯಿ ನಾರತೈತಿ, ಆಕಡೆ ಮಕ ಮಾಡಿ ಮಾತಾಡು” ಎಂದಳು ಚೈತ್ರಾ. ನೀನು ಅವಳ ತೋಳಿಗೆ ಒಂದು ಏಟು ಕೊಟ್ಟೆ. ಮರುದಿನವೇ ನನ್ನನ್ನು ಹಾವೇರಿಗೆ ಕರೆದುಕೊಂಡು ಹೋದೆ. ನಾನು ಹತ್ತು ವರ್ಷ ಮಾಡದ್ದನ್ನು ನೀನು ಒಂದು ದಿನದಲ್ಲಿ ಮಾಡಿದೆ.

ಅಲ್ಲಿ ಇದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನನ್ನ ಬಾಯಿ ನೋಡಿ ಅದೇ ಮಾತು — ಒಸಡು, ಕಲ್ಲು, ನಾಲಿಗೆ, ನೀರು. ರಕ್ತ ತಪಾಸಣೆ ಮಾಡಿಸಿದರೆ ಶುಗರ್ ಸಿಕ್ಕಿತು. ಅದು ಹಿಡಿತಕ್ಕೆ ಬಂದರೆ ಒಸಡೂ ಮಾಯುತ್ತದೆ ಎಂದಳು. ನೀನು ಗೋಡೆಗೆ ಒರಗಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಆಮೇಲೆ ಸೆರಗು ಬಾಯಿಗಿಟ್ಟು ಮೆಲ್ಲಗೆ ಕೇಳಿದೆ:

“ನಂದು ರಕ್ತದಾಗ ಐತ್ರಿ. ಅದಕ್ಕ ಔಷಧ ಈಗರ ಬಂದೈತೇನ್ರಿ?”

“ರಕ್ತದಾಗ? ಹಂಗಂತ ಯಾರ್ರಿ ಹೇಳಿದ್ದು?”

ನೀನು ನನ್ನ ಕಡೆ ನೋಡಿದೆ.

“ಆಗಿನ ಡಾಕ್ಟರು ಹೇಳಿದ್ರು,” ಅಂದೆ ನಾನು. ಇದು ನನ್ನ ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಕೆಟ್ಟದ್ದು. ಆ ಮನುಷ್ಯ ತನ್ನ ಕೆಲಸ ಸರಿಯಾಗಿ ಮಾಡಿದ್ದರು.

ಡಾಕ್ಟರಮ್ಮ ನಿನ್ನನ್ನು ಅದೇ ಕುರ್ಚಿಯ ಮೇಲೆ ಕೂರಿಸಿದಳು. ಐದು ಸಲ ಹೋಗಿ ಬಂದೆ. ಕಲ್ಲು ತೆಗೆದಳು, ಒಸಡಿನ ಒಳಗೆಲ್ಲ ಸ್ವಚ್ಛ ಮಾಡಿದಳು. ಕೆಳಗಿನ ಎರಡು ಹಲ್ಲು ಅಲುಗಾಡುತ್ತಿದ್ದವು, ಬುಡದ ಎಲುಬು ಸವೆದುಹೋಗಿತ್ತು. ಕಿತ್ತಳು. “ಮೊದಲ ಬಂದಿದ್ರ ಇವು ಉಳೀತಿದ್ದುವು ಅಕ್ಕಾ,” ಎಂದಳು. ನಾನು ಪಕ್ಕದಲ್ಲೇ ಕೂತಿದ್ದೆ.

ಎರಡು ತಿಂಗಳಿಗೆ ವಾಸನೆ ಹೋಯಿತು. ಅಷ್ಟೇ ಇತ್ತು ಅದು.

ಆದರೆ ನಿನ್ನ ಕೈ ಹೋಗಲಿಲ್ಲ. ಈಗಲೂ ನಗುವಾಗ ಬಾಯಿಗೆ ಅಡ್ಡ ಬರುತ್ತದೆ. ಮಾತಾಡುವ ಮೊದಲು ಒಂದು ಹೆಜ್ಜೆ ಹಿಂದೆ ಸರಿಯುತ್ತೀ. ಬುತ್ತಿ ಈಗಲೂ ಚೀಲಗಳ ಆಚೆಯೇ ಬಿಚ್ಚುತ್ತೀ. ಡಾಕ್ಟರಮ್ಮ ಕೀವು ತೆಗೆದಳು, ಇದು ಅವಳಿಗೆ ಕಾಣುವಂಥದ್ದಲ್ಲ. ಇದನ್ನು ಮಾಡಿದವಳು ನಾನು. ತೆಗೆಯುವುದು ನನಗೆ ಬರುವುದಿಲ್ಲ.

ಮೊನ್ನೆ ನೀನು ಗಿರಿಜವ್ವನಿಗೆ ಹೇಳುತ್ತಿದ್ದೆ: “ಆ ರಾಣೆಬೆನ್ನೂರ ಡಾಕ್ಟರು ನನ್ನ ಬಾಳೇವು ಹಾಳ ಮಾಡಿದ್ರ ನೋಡ್ರಿ.” ಅದನ್ನು ಕೇಳಿ ಈ ಹಾಳೆ ಹಿಡಿದೆ.

ಹಳೆಯ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಇಷ್ಟು ವರ್ಷ ಅದನ್ನು ಒಲೆಗೆ ಯಾಕೆ ಹಾಕಲಿಲ್ಲವೋ ನನಗೇ ತಿಳಿಯದು. ಎಲೆಯ ಕಲೆ ಹತ್ತಿದೆ, ಓದಲು ಬರುತ್ತದೆ. ಮಲ್ಲೇಶನಿಗೆ ಇವತ್ತು ನಾನೇ ಹೇಳುತ್ತೇನೆ. ನಾಳೆ ತೊಟ್ಟು ಬಿಡಿಸುವ ಸಾಲಿನಲ್ಲಿ, ಬುತ್ತಿ ಬಿಚ್ಚುವ ಹೊತ್ತಿಗೆ, ಗಿರಿಜವ್ವನಿಗೂ ಉಳಿದವರಿಗೂ ಹೇಳುತ್ತೇನೆ. ನಗಲಿ, ಉಗುಳಲಿ. ಕ್ಷಮಿಸು ಎಂದು ನಾನು ಕೇಳುತ್ತಿಲ್ಲ. ಕೇಳಿದರೆ ಅದೂ ನಿನಗೊಂದು ಕೆಲಸ ಹಚ್ಚಿದ ಹಾಗೆ.

ಓದಿ ಮುಗಿಸಿ ಹೊರಗೆ ಬಾ. ನಾನು ಕಟ್ಟೆಯ ಮೇಲೆ ಇರುತ್ತೇನೆ. ಬೈಯುವುದಿದ್ದರೆ ಎದುರಿಗೆ ಕೂತು, ಹತ್ತಿರ ಬಂದು ಬೈ, ಓಣಿಗೆಲ್ಲ ಕೇಳಲಿ. ಕೈ ಮಾತ್ರ ಬಾಯಿಗೆ ಅಡ್ಡ ತರಬೇಡ. ನಾನು ಮುಖ ತಿರುವುವುದಿಲ್ಲ.