ಅವ್ವನ ಹೆಗಲಿಗೆ ನೇತುಬಿದ್ದ ಯಂತ್ರ

ಪುರಾವೆ ಇಲ್ಲದ ಮಾತನ್ನು ಒಪ್ಪಬೇಡ ಎಂದು ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದವು. ರಾಣೆಬೆನ್ನೂರಿನ ಡಾಕ್ಟರು ಅವ್ವನ ಹಿಮ್ಮಡಿಯ ಗಾಯಕ್ಕೆ ಸಣ್ಣ ಯಂತ್ರ ಕಟ್ಟುತ್ತೇವೆ ಎಂದಾಗ ಅದಕ್ಕೇ ಅರ್ಧ ಗಂಟೆ ವಾದ ಮಾಡಿದೆ. ಸಕ್ಕರೆ ಕಾಯಿಲೆಯಿಂದಾಗಿ ಆ ಗಾಯ ಮೂರು ತಿಂಗಳಾದರೂ ಮಾಯದೆ ಆಳಕ್ಕೆ ಇಳಿದಿತ್ತು. ಗಾಯದೊಳಗೆ ಸ್ಪಂಜು, ಮೇಲೆ ಗಾಳಿಯಾಡದಂತೆ ಅಂಟಿಸುವ ತೆಳು ಹಾಳೆ, ಅದರಿಂದ ಒಂದು ನಳಿಕೆ, ಹೆಗಲಿಗೆ ನೇತುಹಾಕುವ ಬ್ಯಾಟರಿ ಡಬ್ಬಿ. ಅದು ಗಾಯದ ನೀರನ್ನು ಹೀರುತ್ತಲೇ ಇರುತ್ತದಂತೆ. ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ, ಬ್ಯಾಡಗಿಯ ಮನೆಯಲ್ಲೇ ಇರಬಹುದು.

"ಎರಡು ವಾರ ನೋಡೂಣ್ರಿ. ಗಾಯ ತುಂಬಾಕ ಸುರು ಆಗ್ಲಿಲ್ಲಂದ್ರ ಪಾದ ತಗೀಬೇಕಾಕ್ಕತಿ," ಎಂದರು ಡಾಕ್ಟರು.

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದೆ.

ಮನೆಗೆ ಬಂದ ಯಂತ್ರ ಗಾಳಿ ಸೋರುತ್ತಿದೆ ಎಂದು ಮತ್ತೆಮತ್ತೆ ಕೂಗತೊಡಗಿತು. "ನಿಮ್ಮವ್ವಗ ಯಾರ ಫೋನ್ ಬೇ ಇಷ್ಟೊಂದು?" ಎಂದು ಪಕ್ಕದ ಮನೆಯ ಚಾಚಿ ನಕ್ಕಳು. ಮೂರನೆಯ ದಿನ ಹಾಳೆ ಬದಲಿಸಿಕೊಂಡು ಬಂದೆವು. ಮತ್ತೆ ಅದೇ ಕೂಗು. ಮುಂದಿನ ಸಲ ನಾನು ಹಾವೇರಿಯ ಕಾಲೇಜಿಗೆ ರಜೆ ಹಾಕಿ, ಯಂತ್ರವೇ ಕೆಟ್ಟದ್ದೆಂದು ಸಾಬೀತು ಮಾಡಲು ಸಿದ್ಧಳಾಗಿಯೇ ಹೋದೆ.

ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ಎಲ್ಲವನ್ನೂ ಕೇಳಿಸಿಕೊಂಡು, "ನಿಮ್ಮ ಭಾಷಣ ಆಮ್ಯಾಲ ಕೇಳ್ತೇನ್ರಿ. ಮೊದ್ಲ ಇಲ್ಲೆ ಬೆರಳ ಇಡ್ರಿ," ಎಂದರು.

ಹಾಳೆಯ ಅಂಚು ಅಂಟುವ ಕಡೆ, ಅವ್ವನ ಕಣಕಾಲಿನ ಮೇಲೆ ಬೆರಳಿಟ್ಟೆ. ಜಾರಿತು. ಕೊಬ್ಬರಿ ಎಣ್ಣೆ. ಹಾಳೆ ಅಂಟದೆ ಗಾಳಿ ಸೋರುತ್ತಿದ್ದುದು ಇದರಿಂದಲೇ.

"ಪ್ರತಿ ಸಲ ಹಚ್ಚಿಕೊಂಡ ಬರ್ತೀಯೇನ ಬೇ?"

"ಮತ್ತೇನ, ಡಾಕ್ಟರ್ ಮುಂದ ಬೂದಿ ಬಡದಂಥಾ ಕಾಲ ಚಾಚ್ಲೇನ?" ಎಂದಳು ಅವ್ವ.

ಯಂತ್ರದ ಬಗ್ಗೆ ನೂರು ಪ್ರಶ್ನೆ ಕೇಳಿದ ನಾನು ಅವ್ವನನ್ನು ಒಂದು ಮಾತೂ ಕೇಳಿರಲಿಲ್ಲ. ಸಿಸ್ಟರ್ ಬೈಯಲಿಲ್ಲ. "ಚಂದ ಕಾಣ್ಬೇಕಂದ್ರ ಹೊಸಾ ಸೀರಿ ಉಟ್ಕೊಂಡ ಬರ್ರಿ ಅವ್ವಾರ, ಕಾಲಿಗೆ ಮಾತ್ರ ಎಣ್ಣಿ ಬ್ಯಾಡ," ಎಂದು ಎಣ್ಣೆಯನ್ನು ಪೂರಾ ಒರೆಸಿ, ಒಣಗಿಸಿ, ಹಾಳೆಯ ಅಂಚನ್ನು ಬೆರಳಿನಿಂದ ಒತ್ತುತ್ತಾ ಹೋದರು. ಊಟದ ಹೊತ್ತು ಮೀರಿದ್ದರೂ ಅವಸರ ಮಾಡಲಿಲ್ಲ. ಆಮೇಲೆ ಯಂತ್ರ ಕೂಗಲಿಲ್ಲ.

ಎರಡು ವಾರ ತುಂಬಿದ ದಿನ ಡಾಕ್ಟರು ಗಾಯ ಅಳೆದರು. ತಳದಲ್ಲಿ ಕೆಂಪಗೆ ಹೊಸ ಮಾಂಸ ಬಂದಿತ್ತು. "ಪಾದ ಉಳೀತ್ರಿ. ಇನ್ನೊಂದಿಷ್ಟು ದಿನ ಮಶೀನ್ ಇರ್ಲಿ," ಎಂದರು. ಒಬ್ಬರ ಕಾಲು ಉಳಿದಿದ್ದನ್ನು ನೋಡಿ ಚಿಕಿತ್ಸೆಯನ್ನೇ ಹೊಗಳಬಾರದೆಂದು ಈಗಲೂ ವಾದಿಸುತ್ತೇನೆ. ಅವತ್ತು ಮಾತ್ರ ಸಿಸ್ಟರ್ ಕೈ ಹಿಡಿದುಕೊಂಡು ನಿಂತೆ.

"ಯಾಕ್ರಿ, ಇವತ್ತು ಪ್ರಶ್ನೆ ಇಲ್ಲೇನ್ರಿ?" ಎಂದರು ಸಿಸ್ಟರ್.

ಒಂದಿತ್ತು. ಅವ್ವ ಮತ್ತೆ ಯಾವಾಗ ನಡೆಯಬಹುದು ಎಂದು ಕೇಳಿದೆ.